ಕೊಡಗಿನ ಕಾಲೇಜು ಮಕ್ಕಳು ಯಾವ ಕಣದಲ್ಲಿ ಆಡಬೇಕು?

ಶಾಲೆಯ ಸಂಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಅವರ ಮನಸ್ಸಿನಲ್ಲಿದ್ದುದು ಬಹುಶಃ ಹಳಗನ್ನಡ ಕಾವ್ಯವನ್ನೋ ವ್ಯಾಕರಣವನ್ನೋ ಕುರಿತ ಬರೆಹ. ಕನ್ನಡ ಪಂಡಿತನಿಂದ ಬೇರೇನನ್ನು ತಾನೇ ನಿರೀಕ್ಷಿಸಬಹುದು? ಆದರೆ ಕೆಲವು ಕಾಲದಿಂದ ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆ ಪಾಠದ ಕೊಠಡಿಯದಲ್ಲ, ಆಟದ ಬಯಲಿನದು. ಅಧ್ಯಾಪಕ ಮಿತ್ರರೂ ಹಳೆಯ ವಿದ್ಯಾರ್ಥಿಗಳೂ ಶಾಲೆಯ ಪೋಷಕರಾದ ದಾನಿಗಳೂ ಒಟ್ಟಿಗೆ ಓದುವ ಪುಟಗಳು ಇವಾದುದರಿಂದ, ಆ ಪ್ರಶ್ನೆಯನ್ನು ತಮ್ಮ ಮುಂದಿಡಲು ಇದಕ್ಕಿಂತ ತಕ್ಕ ಸ್ಥಳ ನನಗೆ ತೋರಲಿಲ್ಲ.

ಪ್ರಶ್ನೆ ಇಷ್ಟೆ. ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಮಕ್ಕಳಲ್ಲಿ ಅನೇಕರು ಮುಂದೆ ಸೋಮವಾರಪೇಟೆ, ಕುಶಾಲನಗರ, ಮಡಿಕೇರಿಗಳ ಕಾಲೇಜುಗಳನ್ನು ಸೇರುತ್ತಾರೆ. ಅವರಲ್ಲಿ ಆಟದಲ್ಲಿ ಮುಂದೆ ಬಂದವರು ಯಾವ ವಿಶ್ವವಿದ್ಯಾನಿಲಯದ ಅಂಗಿಯನ್ನು ತೊಟ್ಟು ಕಣಕ್ಕಿಳಿಯಬೇಕು? ಮಂಗಳೂರಿನದನ್ನೋ, ಕೊಡಗಿನದನ್ನೋ? ಈ ವಿಷಯ ವಿಶ್ವವಿದ್ಯಾನಿಲಯದ ಕಚೇರಿಗಳಿಗೆ ಸೇರಿದ್ದು, ಮಾದಾಪುರದ ಶಾಲೆಗೂ ಅದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಬಿತ್ತಿದವನಿಗೆ ಪೈರು ಯಾವ ಕಣಕ್ಕೆ ಹೋಗಿ ಬೀಳುತ್ತದೆಂಬ ಚಿಂತೆ ಇರಬಾರದೇ?

‘ಕಣ’ ಎಂಬ ನಮ್ಮ ಮಾತನ್ನೇ ನೋಡಿ. ಸುಗ್ಗಿಯಲ್ಲಿ ತೆನೆ ಬಡಿದು ಕಾಳು ಮಾಡುವ ನೆಲವೂ ಕಣವೇ. ವೀರರು ಎದುರು ಬದುರು ನಿಲ್ಲುವ ಭೂಮಿಯೂ ಕಣವೇ. ಎರಡರಲ್ಲಿಯೂ ಜೊಳ್ಳು ಹಾರಿ ಗಟ್ಟಿ ಉಳಿಯುತ್ತದೆ. ಆದರೆ ಆ ನೆಲಕ್ಕೆ ಇಳಿಯಬೇಕಾದರೆ ಬಲವೊಂದೇ ಸಾಲದು, ಹೆಸರೂ ಬೇಕು. 941ರಲ್ಲಿ ರಚಿತವಾದ ಪಂಪನ ‘ವಿಕ್ರಮಾರ್ಜುನ ವಿಜಯ’ವನ್ನು ಓದಿದವರೆಲ್ಲ ಕರ್ಣನ ಪ್ರಸಂಗವನ್ನು ಬಲ್ಲರು. ರಾಜಕುಮಾರರು ಅಸ್ತ್ರವಿದ್ಯೆಯನ್ನು ಮೆರೆಯುತ್ತಿದ್ದ ರಂಗದಲ್ಲಿ ಕರ್ಣನು ಅರ್ಜುನನಿಗೆ ಪ್ರತಿಮಲ್ಲನಾಗಿ ನಿಂತಾಗ, ಹಿರಿಯರು ಅವನ ಬಿಲ್ವಿದ್ಯೆಯನ್ನು ಕೇಳಲಿಲ್ಲ, ಕುಲವನ್ನು ಕೇಳಿದರು. ದುರ್ಯೋಧನನು ಅಂಗರಾಜ್ಯದ ಪಟ್ಟವನ್ನು ಕಟ್ಟಿದ ಮೇಲೆಯೇ ಅವನಿಗೆ ನಿಲ್ಲಲೊಂದು ನೆಲೆ ದೊರೆತದ್ದು. ಇಂದು ನಮ್ಮ ಮಕ್ಕಳನ್ನು ಯಾರೂ ಕುಲ ಕೇಳುವುದಿಲ್ಲ, ಕೇಳಲೂ ಬಾರದು. ಆದರೆ ‘ಯಾವ ವಿಶ್ವವಿದ್ಯಾನಿಲಯ?’ ಎಂದು ಕೇಳಿಯೇ ಕೇಳುತ್ತಾರೆ. ಆ ಹೆಸರಿಲ್ಲದೆ ಅಂತರ ವಿಶ್ವವಿದ್ಯಾನಿಲಯ ಪಂದ್ಯಗಳ ಬಾಗಿಲು ತೆರೆಯುವುದಿಲ್ಲ.

ಕೊಡಗಿನ ಕಾಲೇಜುಗಳಿಗೆ ಈ ಹೆಸರು ಈಗಾಗಲೇ ಬದಲಾಗುತ್ತ ಬಂದಿದೆ. ಹಿಂದೆ ನಾವು 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿದ್ದೆವು. 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವು ಅಸ್ತಿತ್ವಕ್ಕೆ ಬಂದಾಗ, ದಕ್ಷಿಣ ಕನ್ನಡದೊಡನೆ ಕೊಡಗು ಜಿಲ್ಲೆಯೂ ಅದರ ವ್ಯಾಪ್ತಿಗೆ ಸೇರಿತು. ನಾಲ್ಕು ದಶಕಗಳಿಗೂ ಮಿಕ್ಕಿ ನಮ್ಮ ಮಕ್ಕಳು ಕರಾವಳಿಯ ಮಕ್ಕಳೊಡನೆ ಕೂಡಿ ಆಡಿದರು. 2023ರ ಮಾರ್ಚ್ ತಿಂಗಳಲ್ಲಿ ರಾಜ್ಯದ ಏಳು ಹೊಸ ವಿಶ್ವವಿದ್ಯಾನಿಲಯಗಳು ಒಟ್ಟಿಗೆ ಉದ್ಘಾಟನೆಗೊಂಡವು. ಅವುಗಳಲ್ಲಿ ಒಂದು ಕೊಡಗು ವಿಶ್ವವಿದ್ಯಾನಿಲಯ. ಕುಶಾಲನಗರದ ಬಳಿಯ ಚಿಕ್ಕ ಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವೇ ನಡೆಸುತ್ತಿದ್ದ ‘ಜ್ಞಾನಕಾವೇರಿ’ ಸ್ನಾತಕೋತ್ತರ ಕೇಂದ್ರವು ಅದರ ನೆಲೆಯಾಯಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿಯೊಂದು ಹೊಸದಾಗಿ ತೆರೆದ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ವಿಚಾರವನ್ನು ಮುಂದಿಟ್ಟಿತು. ಆ ಒಂಬತ್ತರಲ್ಲಿ ಕೊಡಗಿನದೂ ಒಂದು. ಅಂದಿನಿಂದ ‘ಮರಳಿ ಮಂಗಳೂರಿಗೆ ಸೇರುವುದೇ ಲೇಸು’ ಎಂಬವರೂ, ‘ನಮ್ಮದು ನಮಗಿರಲಿ’ ಎಂಬವರೂ ಊರೂರಿನಲ್ಲಿ ವಾದಿಸುತ್ತಿದ್ದಾರೆ. ಪದವಿ, ಸಂಶೋಧನೆ, ವೇತನ, ಕಟ್ಟಡ ಇವುಗಳ ಮಾತು ಬೇಕಾದಷ್ಟು ನಡೆದಿದೆ. ಆಟದ ಬಯಲಿನ ಮಾತನ್ನು ಆಡಿದವರು ಕಡಿಮೆ. ಅದಕ್ಕಾಗಿಯೇ ಈ ಲೇಖನ.

ಈ ವ್ಯವಸ್ಥೆ ನಡೆಯುವ ಕ್ರಮವನ್ನು ತಿಳಿಯದವರಿಗಾಗಿ ಎರಡು ಮಾತು ಹೇಳಬೇಕು. ಒಂದು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳು ಮೊದಲು ತಮ್ಮ ತಮ್ಮಲ್ಲಿ ಅಂತರ ಕಾಲೇಜು ಪಂದ್ಯಗಳನ್ನು ಆಡುತ್ತವೆ. ಅಲ್ಲಿ ಕಣ್ಣಿಗೆ ಬಿದ್ದವರನ್ನು ಆರಿಸಿ, ಒಂದೊಂದು ಆಟಕ್ಕೆ ಒಂದೊಂದು ವಿಶ್ವವಿದ್ಯಾನಿಲಯ ತಂಡವನ್ನು ಕಟ್ಟುತ್ತಾರೆ. ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವು ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದೆ. ನಮ್ಮದು ದಕ್ಷಿಣ ವಲಯ. ಕರ್ನಾಟಕದೊಡನೆ ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಪುದುಚೇರಿಗಳು ಇದರಲ್ಲಿವೆ. ಹಾಕಿಯಂತಹ ಆಟಗಳಲ್ಲಿ ಒಂದೊಂದು ವಲಯದಿಂದ ನಾಲ್ಕು ತಂಡಗಳು ಅಖಿಲ ಭಾರತ ಪಂದ್ಯಕ್ಕೆ ಏರುತ್ತವೆ. ಅಲ್ಲಿ ಮೇಲೆ ನಿಂತವರಿಗೆ 2020ರಲ್ಲಿ ಆರಂಭವಾದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟದ ದಾರಿಯೂ ತೆರೆಯುತ್ತದೆ. ಈ ಏಣಿಯ ಮೊದಲ ಮೆಟ್ಟಿಲು ಕಾಲೇಜಿನ ತಂಡ, ಎರಡನೆಯದು ವಿಶ್ವವಿದ್ಯಾನಿಲಯದ ತಂಡ. ಎರಡನೆಯ ಮೆಟ್ಟಿಲನ್ನು ಎಲ್ಲಿ ಊರಬೇಕೆಂಬುದೇ ಇಂದಿನ ಚರ್ಚೆಯ ತಿರುಳು.

ಮಂಗಳೂರಿನ ಪರವಾದ ವಾದವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದು ಹಗುರವಾದುದಲ್ಲ. ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ಸ್ ಕೂಟದಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವು ಹಲವು ಬಾರಿ ಸಮಗ್ರ ಪ್ರಶಸ್ತಿಯನ್ನು ಗೆದ್ದಿದೆ. ಮೂಡುಬಿದಿರೆಯಲ್ಲಿ ಸಿಂಥೆಟಿಕ್ ಓಟದ ಪಥವಿದೆ, ನುರಿತ ತರಬೇತುದಾರರಿದ್ದಾರೆ, ದೇಶದ ನಾನಾ ಕಡೆಗಳಿಂದ ಬಂದ ಓಟಗಾರರಿದ್ದಾರೆ. ಅಂತಹವರ ಪಕ್ಕದಲ್ಲಿ ನಿಂತು ಓಡುವ ಹುಡುಗನು ಸೋತರೂ ಕಲಿಯುತ್ತಾನೆ. ತೂರುವವನಿಗೆ ಗಾಳಿ ಬೇಕಲ್ಲವೇ? ಗಾಳಿ ಬೀಸದ ಕಣದಲ್ಲಿ ಕಾಳು ಜೊಳ್ಳು ಒಂದಾಗಿಯೇ ಬಿದ್ದಿರುತ್ತವೆ. ಬಲವಾದ ಎದುರಾಳಿಯೇ ಆಟಗಾರನ ಗಾಳಿ. ಅದಲ್ಲದೆ, ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚು. ಆದುದರಿಂದ ಕ್ರೀಡಾ ಶುಲ್ಕದ ಮೊತ್ತವೂ ಹೆಚ್ಚು. ಸಣ್ಣ ವಿಶ್ವವಿದ್ಯಾನಿಲಯವು ತಂಡವೊಂದನ್ನು ದೂರದೂರಿಗೆ ಕಳುಹಿಸಬೇಕಾದರೆ ರೈಲಿನ ಖರ್ಚು, ಊಟದ ಖರ್ಚು, ಅಂಗಿ ಬೂಟುಗಳ ಖರ್ಚು ಎಲ್ಲವನ್ನೂ ಬೆರಳು ಮಡಿಸಿ ಎಣಿಸಬೇಕಾಗುತ್ತದೆ.

ಈ ವಾದಕ್ಕೆ ನಾನು ಕಿವುಡನಲ್ಲ. ಹೊಸ ವ್ಯವಸ್ಥೆ ಬಂದ ಮೇಲಿನ ಒಂದು ಘಟನೆಯನ್ನು ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು, ಕಾಫಿ ತೋಟದ ಲೈನ್ ಮನೆಯಿಂದ ಬಂದವಳು, ಪದವಿ ತರಗತಿಯಲ್ಲಿದ್ದಾಗ ಕಬಡ್ಡಿ ತಂಡಕ್ಕೆ ಆಯ್ಕೆಯಾದಳು. ಹೊರ ರಾಜ್ಯವೊಂದಕ್ಕೆ ಆಡಲು ಹೋಗುವ ಮೊದಲು ಶಾಲೆಗೆ ಬಂದು ನಮಸ್ಕರಿಸಿ ಹೋದಳು. ಆ ಮನೆಯಿಂದ ರೈಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ಹಿಂದಿರುಗಿದ ಮೇಲೆ ಭೇಟಿಯಾದಾಗ, “ಏನಾಯಿತಮ್ಮ?” ಎಂದೆ. “ಮೊದಲನೇ ಮ್ಯಾಚಿನಲ್ಲೇ ಸೋತೆವು ಸಾರ್. ಅವರು ಹಿಡಿಯೋ ರೀತಿಯನ್ನೇ ನಾವು ನೋಡಿರಲಿಲ್ಲ. ಮೊದಲೇ ಒಂದು ಸಲ ಅಂಥವರ ಜೊತೆ ಆಡಿದ್ದರೆ ಚೆನ್ನಾಗಿತ್ತು” ಎಂದಳು. ಅವಳ ಮಾತಿನಲ್ಲಿ ಅಳಲಿರಲಿಲ್ಲ. ಲೆಕ್ಕ ತಪ್ಪಿದ ವಿದ್ಯಾರ್ಥಿ ತಪ್ಪನ್ನು ತಾನೇ ಕಂಡುಕೊಂಡಂತಿತ್ತು. ಮಂಗಳೂರಿನ ಪರ ವಾದಿಸುವ ಯಾವ ವಿದ್ವಾಂಸನೂ ಆ ವಾದವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರನು.

ಆದರೆ ಇದೇ ಹುಡುಗಿ ಹಳೆಯ ವ್ಯವಸ್ಥೆಯಲ್ಲಿದ್ದಿದ್ದರೆ ಆ ರೈಲನ್ನು ಹತ್ತುತ್ತಿದ್ದಳೇ? ಕಬಡ್ಡಿಯಲ್ಲಿ ಕರಾವಳಿಯ ಮಕ್ಕಳ ಬಲ ಎಲ್ಲರಿಗೂ ತಿಳಿದದ್ದು. ಮೂರು ಜಿಲ್ಲೆಗಳಿಗೆ ಒಂದೇ ತಂಡ ಎಂದಾಗ, ಬೆಟ್ಟದ ಮೂಲೆಯ ಕಾಲೇಜಿನ ಹುಡುಗಿಗೆ ಸ್ಥಳ ದೊರೆಯುವುದು ಸುಲಭವಾಗಿರಲಿಲ್ಲ. ಹಾಕಿಯ ಮಾತು ಬೇರೆ. ಅಲ್ಲಿ ಕೊಡಗಿನ ಮಕ್ಕಳನ್ನು ಬಿಟ್ಟು ತಂಡ ಕಟ್ಟುವುದು ಮಂಗಳೂರಿಗೂ ಕಷ್ಟವಾಗಿತ್ತು. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದ ಬಿ. ಪಿ. ಗೋವಿಂದ, 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡಿದ ಅರ್ಜುನ್ ಹಾಲಪ್ಪ, 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ ಆಡಿದ ಎಸ್. ವಿ. ಸುನಿಲ್, ಈ ಮೂವರೂ ನಮ್ಮ ಸೋಮವಾರಪೇಟೆಯವರು. ಹಾಕಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಎಲ್ಲ ಮಕ್ಕಳೂ ಹಾಕಿ ಕೋಲನ್ನು ಹಿಡಿಯುವುದಿಲ್ಲ. ಓಡುವವರು, ಜಿಗಿಯುವವರು, ಕಬಡ್ಡಿ ಖೋಖೋ ಆಡುವವರು, ವಾಲಿಬಾಲ್ ಆಡುವವರು ಇವರಿಗೆ ದೊಡ್ಡ ಮನೆಯಲ್ಲಿ ಕಡೆಯ ಪಂಕ್ತಿಯೇ ಗತಿಯಾಗಿತ್ತು. ಕೊಡಗಿನದೇ ಆದ ತಂಡ ಎಂದಾಗ ಅವರಿಗೂ ಎಲೆ ಹಾಕಿದಂತಾಯಿತು.

ಎರಡನೆಯ ಸಂಗತಿ ದಾರಿಯದು. ಮಾದಾಪುರದಿಂದ ಸುಂಟಿಕೊಪ್ಪ, ಕುಶಾಲನಗರಗಳ ಮೂಲಕ ಚಿಕ್ಕ ಅಳುವಾರಕ್ಕೆ ಬೆಳಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು. ಕೊಣಾಜೆಗೆ ಹೋಗಬೇಕಾದರೆ ಮಡಿಕೇರಿಯನ್ನು ದಾಟಿ, ಸಂಪಾಜೆಯ ಘಟ್ಟವನ್ನಿಳಿದು, ಸುಳ್ಯ ಪುತ್ತೂರುಗಳನ್ನು ಹಾದು ಹೋಗಬೇಕು. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಈಟಿ ಎಸೆತದಲ್ಲಿ ಕಾಲೇಜಿಗೆ ಮೊದಲಿಗನಾಗಿದ್ದನು. ಕರಾವಳಿಯ ಊರೊಂದರಲ್ಲಿ ಬೆಳಗಿನ ಹತ್ತು ಗಂಟೆಗೆ ಆಯ್ಕೆ. ನಸುಕಿನ ಬಸ್ಸು ಹಿಡಿದು ಹೊರಟವನಿಗೆ ಘಟ್ಟದಲ್ಲಿ ಮರ ಅಡ್ಡ ಬಿದ್ದಿತ್ತು. ಮರ ಕಡಿದು ದಾರಿ ಬಿಡಿಸಿ ಬಯಲನ್ನು ತಲಪುವಾಗ ಮಧ್ಯಾಹ್ನ, ಪಟ್ಟಿ ಮುಗಿದಿತ್ತು. ತಪ್ಪು ಯಾರದೂ ಅಲ್ಲ, ಮಳೆಯದು, ದಾರಿಯದು. ಅವನು ಇಂದು ಇಲ್ಲಿಯೇ ಕರಿಮೆಣಸಿನ ವ್ಯಾಪಾರ ಮಾಡಿಕೊಂಡಿದ್ದಾನೆ. ಆ ಮಾತು ತೆಗೆದರೆ, “ಹೋಗಲಿ ಬಿಡಿ ಸಾರ್, ಎಷ್ಟೋ ವರ್ಷವಾಯಿತು” ಎನ್ನುತ್ತಾನೆ. ಆದರೆ ಅಂಗಡಿಯ ಮಾಡಿನಡಿ ಆ ಈಟಿಯನ್ನು ಇಂದಿಗೂ ಕಟ್ಟಿಟ್ಟಿದ್ದಾನೆ.

2018ರ ಆಗಸ್ಟ್ ತಿಂಗಳನ್ನು ಈ ಭಾಗದವರಿಗೆ ನೆನಪಿಸಬೇಕಾಗಿಲ್ಲ. ಹಟ್ಟಿಹೊಳೆ, ಮಕ್ಕಂದೂರು, ಮಾದಾಪುರದ ಸುತ್ತಿನ ಗುಡ್ಡಗಳು ಜಾರಿದವು, ಮನೆಗಳು ಹೋದವು. ಜೋಡುಪಾಲದ ಕಡೆ ಭೂಕುಸಿತವಾಗಿ ಮಡಿಕೇರಿ–ಮಂಗಳೂರು ಹೆದ್ದಾರಿಯು ಅನೇಕ ದಿನಗಳ ಕಾಲ ಮುಚ್ಚಿತ್ತು. ಕಾಲೇಜುಗಳ ವರ್ಷ ತೊಡಗುವುದೇ ಮಳೆಗಾಲದಲ್ಲಿ. ಪಂದ್ಯಗಳ ಸಿದ್ಧತೆ ನಡೆಯುವುದೂ ಆಗಲೇ. ನಕ್ಷೆಯಲ್ಲಿ ಒಂದು ಅಂಗುಲದಷ್ಟು ಕಾಣುವ ಆ ದಾರಿಯನ್ನು ಶ್ರಾವಣದಲ್ಲಿ ಒಮ್ಮೆ ಇಳಿದು ಹತ್ತಿದವನು ಮಾತ್ರ ಅದರ ಉದ್ದವನ್ನು ಬಲ್ಲನು.

ಹೀಗೆ ಎರಡು ಕಡೆಯೂ ಸತ್ಯವಿದೆ. ತೂಕದಲ್ಲಿ ಯಾವುದು ಹೆಚ್ಚು? ಈ ಪ್ರಶ್ನೆಯನ್ನು ನಮಗಿಂತ ಮೊದಲು ಕೇಳಿಕೊಂಡವರು ಎಡವಿದ ಬಗೆಯನ್ನು ನೋಡಿದರೆ ನಮಗೆ ದಾರಿ ಕಂಡೀತು. ಅಮೆರಿಕದಲ್ಲಿ ವಿಶ್ವವಿದ್ಯಾನಿಲಯಗಳು ಕಾನ್ಫರೆನ್ಸ್ ಎಂದು ಕರೆಯುವ ಕೂಟಗಳನ್ನು ಕಟ್ಟಿಕೊಂಡು, ಕೂಟದೊಳಗಿನವರೊಡನೆ ವರ್ಷ ವರ್ಷವೂ ಆಡುತ್ತವೆ. ಪೆಸಿಫಿಕ್ ಸಾಗರದ ತೀರದ ವಿಶ್ವವಿದ್ಯಾನಿಲಯಗಳು 1915ರಲ್ಲಿ ಅಂತಹ ಕೂಟವೊಂದನ್ನು ಸ್ಥಾಪಿಸಿದ್ದವು. ಕಾಲಕ್ರಮದಲ್ಲಿ ಅದು ಹನ್ನೆರಡು ಸದಸ್ಯರ ಪ್ರಸಿದ್ಧ ಕೂಟವಾಯಿತು. ದೂರದರ್ಶನದ ಪ್ರಸಾರದಿಂದ ಬರುವ ಹಣ ಬೇರೆ ಕೂಟಗಳಲ್ಲಿ ಹೆಚ್ಚೆಂದು ಕಂಡಾಗ, 2022ರಲ್ಲಿ ಇಬ್ಬರು ಹೊರಡುವುದಾಗಿ ಸಾರಿದರು. ಅವರ ಹಿಂದೆ ಉಳಿದವರೂ ಹೊರಟು, 2024ರ ಹೊತ್ತಿಗೆ ಹನ್ನೆರಡರಲ್ಲಿ ಹತ್ತು ಹೋಗಿ ಎರಡು ಮಾತ್ರ ಉಳಿದವು. ಸ್ಟ್ಯಾನ್‌ಫರ್ಡ್, ಬರ್ಕ್‌ಲಿಗಳಂತಹ ವಿದ್ಯಾಪೀಠಗಳು ಪಡುಗಡಲ ದಂಡೆಯಲ್ಲಿದ್ದುಕೊಂಡು, ಅಟ್ಲಾಂಟಿಕ್ ತೀರದ ಹೆಸರು ಹೊತ್ತ ಕೂಟವನ್ನು ಸೇರಿದವು. ಫುಟ್‌ಬಾಲ್ ತಂಡಕ್ಕೆ ವಿಮಾನ ಸಿಗುತ್ತದೆ, ಹಣವೂ ಬರುತ್ತದೆ. ಆದರೆ ಅದೇ ಅಂಗಿ ತೊಟ್ಟ ವಾಲಿಬಾಲ್ ಹುಡುಗಿಯೂ ಈಜುವ ಹುಡುಗನೂ ಪಂದ್ಯಕ್ಕಾಗಿ ಖಂಡದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾರಿ, ಮರಳಿ ಬಂದು ಪಾಠಕ್ಕೆ ಕೂರಬೇಕು. ಒಂದು ಆಟದ ಲಾಭಕ್ಕಾಗಿ ಎಲ್ಲ ಆಟಗಳ ಮಕ್ಕಳೂ ದೂರವನ್ನು ಹೊತ್ತರು.

ಅದೇ ದೇಶದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮೊದಲಾದ ಎಂಟು ಹಳೆಯ ವಿಶ್ವವಿದ್ಯಾನಿಲಯಗಳು 1954ರಲ್ಲಿ ಒಡಂಬಡಿಕೆ ಮಾಡಿಕೊಂಡು ಕೂಟವೊಂದನ್ನು ಕಟ್ಟಿದವು. ಆಟದ ಬಲಕ್ಕಾಗಿಯೇ ವಿದ್ಯಾರ್ಥಿವೇತನ ಕೊಡುವುದಿಲ್ಲವೆಂಬುದು ಅವರ ನಿಯಮ. ನೆರೆಹೊರೆಯ ಆ ಎಂಟೂ ಇಂದಿಗೂ ಒಟ್ಟಿಗೇ ಇವೆ. ಅವರ ಸಿರಿ ನಮಗಿಲ್ಲ, ನಮ್ಮ ಸಮಸ್ಯೆ ಅವರಿಗಿಲ್ಲ. ನಾನು ತೆಗೆದುಕೊಳ್ಳುವ ಪಾಠ ಇಷ್ಟೆ: ಕಣವನ್ನು ಬದಲಿಸುವವರು ಮೊದಲು ಕೇಳಬೇಕಾದದ್ದು, ತಂಡದಲ್ಲಿ ಎಲ್ಲರಿಗಿಂತ ಬಲಿಷ್ಠನಾದವನಿಗೆ ಏನು ದೊರೆಯುತ್ತದೆ ಎಂದಲ್ಲ, ಎಲ್ಲರಿಗಿಂತ ಕಡೆಯಲ್ಲಿ ನಿಂತವನಿಗೆ ಏನು ತಪ್ಪುತ್ತದೆ ಎಂದು. ಬಲಿಷ್ಠನಿಗೆ ಬೇರೆ ದಾರಿಗಳಿವೆ. ಕೂಡಿಗೆಯ ಕ್ರೀಡಾಶಾಲೆಯಿಂದಲೋ ಮಡಿಕೇರಿಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರದಿಂದಲೋ ಅವನು ಮೇಲೇರಿಯಾನು. ಲೈನ್ ಮನೆಯ ಹುಡುಗಿಗೆ ಕಾಲೇಜಿನ ತಂಡವೊಂದೇ ದಾರಿ.

ಆದುದರಿಂದ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕೊಡಗಿನ ಕಾಲೇಜುಗಳು ತಮ್ಮ ಕ್ರೀಡೆಯ ಹೆಸರನ್ನು ಮತ್ತೊಮ್ಮೆ ಬದಲಿಸಬಾರದು. ತಂಡ ಕೊಡಗಿನದಾಗಿಯೇ ಇರಲಿ. ಆದರೆ ತಂಡ ನಮ್ಮದೆಂದ ಮಾತ್ರಕ್ಕೆ ಕಣಕ್ಕೂ ಬೇಲಿ ಹಾಕಿಕೊಳ್ಳಬಾರದು. ಹೆಸರು ನಮ್ಮದಿರಲಿ, ಕಣ ಎಲ್ಲರದೂ ಆಗಲಿ.

ಇದು ಆಗದ ಮಾತೆಂದು ಯಾರಾದರೂ ಅಂದರೆ, ನಮ್ಮ ಜಿಲ್ಲೆಯೇ ಅದಕ್ಕೆ ಉತ್ತರ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಣ ಹಾಕಿ ಪಂದ್ಯವನ್ನು ಆರಂಭಿಸಿದಾಗ ಬಂದ ತಂಡಗಳು 60. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ ಪಂದ್ಯಕ್ಕೆ 360 ತಂಡಗಳು ಬಂದವು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್ ಪಂದ್ಯಕ್ಕೆ ಬಂದವು 396. ಒಂದೊಂದು ತಂಡಕ್ಕೂ ಮನೆತನದ ಹೆಸರು, ಎಲ್ಲ ತಂಡಗಳಿಗೂ ಒಂದೇ ಬಯಲು. ಚಿಕ್ಕ ಮನೆತನವು ದೊಡ್ಡ ಮನೆತನದೊಡನೆ ಸೇರಿ ತಂಡ ಕಟ್ಟಲಿಲ್ಲ. ಸೋಲುತ್ತೇವೆಂದು ತಮ್ಮಷ್ಟಕ್ಕೆ ತಾವೇ ಬೇರೆ ಪಂದ್ಯವನ್ನೂ ಮಾಡಿಕೊಳ್ಳಲಿಲ್ಲ. ಅಜ್ಜನೂ ಮೊಮ್ಮಗನೂ ಒಂದೇ ಅಂಗಿಯಲ್ಲಿ ಇಳಿದರು, ಒಲಿಂಪಿಕ್ಸ್ ಆಡಿದವನ ಎದುರು ಶಾಲೆಯ ಹುಡುಗ ನಿಂತನು. ಹಳ್ಳಿಯ ಜನ ಯಾವ ಸರ್ಕಾರಿ ಆದೇಶಕ್ಕೂ ಕಾಯದೆ ನಡೆಸಿದ ಈ ಏರ್ಪಾಡನ್ನು ವಿದ್ಯಾವಂತರ ಎರಡು ಸಂಸ್ಥೆಗಳು ನಡೆಸಲಾರವೇ?

ಏರ್ಪಾಡು ಹೀಗಿರಬಹುದು. ಕೊಡಗಿನ ಕಾಲೇಜುಗಳ ಅಂತರ ಕಾಲೇಜು ಪಂದ್ಯಗಳು, ತಂಡಗಳ ಆಯ್ಕೆ ಎಲ್ಲವೂ ಕೊಡಗಿನಲ್ಲಿಯೇ ನಡೆಯಲಿ. ಅದಾದ ಮೇಲೆ, ದಕ್ಷಿಣ ವಲಯದ ಪಂದ್ಯಗಳಿಗೆ ಹೊರಡುವ ಮೊದಲು, ಮಂಗಳೂರು ಮತ್ತು ಕೊಡಗು ವಿಶ್ವವಿದ್ಯಾನಿಲಯಗಳ ಕಾಲೇಜುಗಳು ವರ್ಷಕ್ಕೊಮ್ಮೆ ಒಂದಾಗಿ ಸ್ನೇಹಕೂಟವನ್ನು ನಡೆಸಲಿ. ಓಟ, ಜಿಗಿತ, ಎಸೆತ, ಕಬಡ್ಡಿಗಳು ಕರಾವಳಿಯಲ್ಲಿ ನಡೆಯಲಿ. ನಮ್ಮ ಮಕ್ಕಳು ಅಲ್ಲಿಗೆ ಹೋಗಿ ಕಲಿಯಲಿ. ಹಾಕಿಯು ಕೂಡಿಗೆ ಅಥವಾ ಪೊನ್ನಂಪೇಟೆಯ ಹುಲ್ಲುಹಾಸಿನ ಮೈದಾನದಲ್ಲಿ ನಡೆಯಲಿ. ಅವರ ಮಕ್ಕಳು ಇಲ್ಲಿಗೆ ಬಂದು ಕಲಿಯಲಿ. ಮಳೆ ನಿಂತ ಮೇಲೆ ದಿನವನ್ನು ಗೊತ್ತುಮಾಡಿದರೆ ಘಟ್ಟದ ಭಯವೂ ಇಲ್ಲ. ಮೈಸೂರು, ಹಾಸನದ ಕಡೆಯವರು ಸೇರುವುದಾದರೆ ಇನ್ನೂ ಒಳ್ಳೆಯದು. ಇದಕ್ಕೆ ಕಾಯಿದೆಯ ತಿದ್ದುಪಡಿ ಬೇಕಾಗಿಲ್ಲ. ಎರಡು ಕಡೆಯ ಕುಲಪತಿಗಳೂ ದೈಹಿಕ ಶಿಕ್ಷಣ ನಿರ್ದೇಶಕರೂ ಒಂದು ಸಂಜೆ ಕುಳಿತು ಮಾತಾಡಿದರೆ ಸಾಕು. ಅಲ್ಲದೆ, ಕೊಡಗಿನೊಳಗಿನ ಎಲ್ಲ ಮಕ್ಕಳೂ ಇಂದಿಗೂ ಒಂದೇ ಹೆಸರಿನಡಿ ಇಲ್ಲ. ಪೊನ್ನಂಪೇಟೆಯೊಂದರಲ್ಲಿಯೇ ಅರಣ್ಯ ಮಹಾವಿದ್ಯಾಲಯದ ವಿದ್ಯಾರ್ಥಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾನಿಲಯಕ್ಕೆ ಸೇರಿದವನು, ಎಂಜಿನಿಯರಿಂಗ್ ವಿದ್ಯಾರ್ಥಿ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಸೇರಿದವನು. ಒಂದೇ ಬೀದಿಯ ಇಬ್ಬರು ಗೆಳೆಯರು ಒಂದು ದಿನವೂ ಒಂದೇ ಪಂದ್ಯದಲ್ಲಿ ಎದುರಾಗದಿರುವುದು ಆಶ್ಚರ್ಯವಲ್ಲ. ಸ್ನೇಹಕೂಟದ ಬಾಗಿಲು ಅವರಿಗೂ ತೆರೆದಿರಬೇಕು.

ಇನ್ನು, ಸರ್ಕಾರವು ಹಣದ ಕೊರತೆಯಿಂದಲೋ ಬೇರೆ ಕಾರಣದಿಂದಲೋ ವಿಶ್ವವಿದ್ಯಾನಿಲಯಗಳನ್ನು ಕೂಡಿಸಿಯೇ ತೀರುತ್ತದೆಂದು ಇಟ್ಟುಕೊಳ್ಳೋಣ. ಅದು ಹಿರಿಯರ ನಿರ್ಣಯ. ಅಲ್ಲಿ ಆಟದ ಮಾತೊಂದೇ ನಡೆಯಲಾರದು. ಆಗಲೂ ಎರಡು ಬೇಡಿಕೆಗಳನ್ನು ಬಿಡಬಾರದು. ಮೊದಲನೆಯದು, ಒಂದು ಹೆಸರಿನಡಿ ಪದವಿಗೆ ಸೇರಿದ ಮಗು ಅದೇ ಹೆಸರಿನಡಿ ಪದವಿಯನ್ನೂ ಆಟವನ್ನೂ ಮುಗಿಸಬೇಕು. ಪದವಿಯ ಕಾಲ ಮೂರು ವರ್ಷ. ಆಟಗಾರನ ಪಾಲಿಗೆ ಅದು ಮರಳಿ ಬಾರದ ಕಾಲ. ಮೊದಲ ವರ್ಷ ಒಂದು ಅಂಗಿ, ಕಡೆಯ ವರ್ಷ ಇನ್ನೊಂದು ಅಂಗಿ ಎಂದರೆ, ನಡುವಿನ ವರ್ಷ ಕಾಗದಪತ್ರಗಳ ಓಡಾಟದಲ್ಲಿಯೇ ಕಳೆದೀತು. ಎರಡನೆಯದು, ಕೊಡಗಿನ ಮಕ್ಕಳ ಆಯ್ಕೆ ಕೊಡಗಿನಲ್ಲಿಯೇ ನಡೆಯಬೇಕು. ಆರಿಸುವ ನಾಲ್ಕು ಜನ ಘಟ್ಟ ಹತ್ತಿ ಬರಲಿ. ಆಯ್ಕೆಗೆ ನಿಲ್ಲುವ ನೂರು ಮಕ್ಕಳು ಘಟ್ಟ ಇಳಿಯುವುದು ಬೇಡ.

‘ಸಣ್ಣ ವಿಶ್ವವಿದ್ಯಾನಿಲಯದ ತಂಡ ಸೋಲುತ್ತಲೇ ಇರುತ್ತದೆ, ಅದರಿಂದ ಜಿಲ್ಲೆಯ ಮರ್ಯಾದೆ ಹೋಗುತ್ತದೆ’ ಎಂದು ಮಿತ್ರರೊಬ್ಬರು ನನ್ನೊಡನೆ ವಾದಿಸಿದರು. ನಾನು ಮೂವತ್ತು ವರ್ಷಗಳಿಂದ ವ್ಯಾಕರಣ ಹೇಳುತ್ತಿರುವವನು. ಸಂಧಿಕಾರ್ಯದಲ್ಲಿ ಹತ್ತು ಸಲ ತಪ್ಪದ ಮಗು ಹನ್ನೊಂದನೆಯ ಸಲ ಸರಿಯಾಗಿ ಬಿಡಿಸಿದ್ದನ್ನು ನಾನು ಕಂಡಿಲ್ಲ. ತಪ್ಪುವ ಅವಕಾಶವೇ ಇಲ್ಲದೆ ಕಡೆಯ ಬೆಂಚಿನಲ್ಲಿ ಕುಳಿತ ಮಗು ಕಲಿತದ್ದನ್ನೂ ಕಂಡಿಲ್ಲ. ಮರ್ಯಾದೆ ಹೋಗುವುದು ಸೋತಾಗಲ್ಲ. ಆಡಬಲ್ಲ ಮಗುವನ್ನು ಆಡಿಸದೆ ಮನೆಗೆ ಕಳುಹಿಸಿದಾಗ.

ಕಡೆಯದಾಗಿ, ಈ ಸಂಚಿಕೆಯನ್ನು ಓದುವ ಮಹನೀಯರಲ್ಲಿ ಒಂದು ವಿಜ್ಞಾಪನೆ. ವಿಶ್ವವಿದ್ಯಾನಿಲಯದ ನಿರ್ಣಯ ನಮ್ಮ ಕೈಯಲ್ಲಿಲ್ಲ. ಆದರೆ ಮಗು ಆ ಮೆಟ್ಟಿಲವರೆಗೆ ನಡೆದು ಹೋಗುವ ದಾರಿಯಲ್ಲಿ ನಮ್ಮ ಕೈಯೂ ಇದೆ. ನಮ್ಮ ಮಠದ ದಾಸೋಹದಲ್ಲಿ ಹಸಿದು ಬಂದವನನ್ನು ಊರು ಕೇಳಿ ಬಡಿಸುವ ವಾಡಿಕೆಯಿಲ್ಲ. ಆಟದ ಹಸಿವನ್ನೂ ಹಾಗೆಯೇ ಕಾಣಬಾರದೇ? ಶಾಲೆಯಿಂದ ಕಾಲೇಜಿಗೆ ಹೋದ ಮಕ್ಕಳಲ್ಲಿ ಆಡುವವರಿಗೆ ಬಸ್ಸಿನ ಖರ್ಚು, ಒಂದು ಜೊತೆ ಬೂಟು, ಆಯ್ಕೆಯ ಹಿಂದಿನ ರಾತ್ರಿ ತಂಗಲು ಒಂದು ಜಾಗ, ಇಷ್ಟನ್ನು ಒದಗಿಸುವ ಸಣ್ಣ ನಿಧಿಯೊಂದನ್ನು ಹಳೆಯ ವಿದ್ಯಾರ್ಥಿಗಳ ಸಂಘವು ತೆರೆಯಬೇಕೆಂದು ನನ್ನ ಪ್ರಾರ್ಥನೆ. ಪುತ್ತೂರು, ಸುಳ್ಯ, ಮಂಗಳೂರುಗಳಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಒಂದು ರಾತ್ರಿಯ ಮಟ್ಟಿಗೆ ತಮ್ಮ ಮನೆಯ ಜಗಲಿಯನ್ನು ಬಿಟ್ಟುಕೊಟ್ಟರೂ ದೊಡ್ಡ ಉಪಕಾರವಾದೀತು. ಎರಡು ವಿಶ್ವವಿದ್ಯಾನಿಲಯಗಳ ಕುಲಪತಿಗಳಿಗೂ ಸ್ನೇಹಕೂಟವನ್ನು ಕುರಿತು ಶಾಲೆಯ ಪರವಾಗಿ ಒಂದು ಮನವಿಯನ್ನು ಬರೆದಿಟ್ಟಿದ್ದೇನೆ. ಆಡಳಿತ ಮಂಡಳಿಯವರು ಒಪ್ಪಿ ಸಹಿ ಮಾಡಿದರೆ ಕಳುಹಿಸಬಹುದು. ಕರಿಮೆಣಸಿನ ಅಂಗಡಿಯ ನಮ್ಮ ಹಳೆಯ ವಿದ್ಯಾರ್ಥಿಗೆ ಈ ಸಂಗತಿಯನ್ನು ಹೇಳಿದಾಗ, ನಿಧಿಗೆ ಮೊದಲ ಕಾಣಿಕೆಯನ್ನು ಅವನೇ ಕೊಟ್ಟನು. ರಸೀದಿ ಪುಸ್ತಕ ಶಾಲೆಯ ಕಚೇರಿಯಲ್ಲಿದೆ. ಎರಡನೆಯ ಹಾಳೆ ಇನ್ನೂ ಖಾಲಿಯಿದೆ.